ಎರಡು ನಿಮಿಷ

ಸಂಜೆಯ ಪ್ಯಾಸೆಂಜರು ಕುಂಬಳೆಗೆ ಬರುವುದು ಆರು ಹನ್ನೆರಡಕ್ಕೆ.
ಬದಿಯಡ್ಕದ ಬಸ್ಸು ಹೊರಡುವುದು ಆರು ಹತ್ತಕ್ಕೆ.
ಇದನ್ನು ಬರೆದಿಟ್ಟ ಇಬ್ಬರು
ಒಬ್ಬರ ಮುಖ ಒಬ್ಬರು ಕಂಡವರಲ್ಲ.

ಮಂಗಳೂರಿನ ಲ್ಯಾಬಿನಲ್ಲಿ ದಿನವಿಡೀ
ಯಾರು ಯಾರದೋ ರಕ್ತಕ್ಕೆ ಚೀಟಿ ಅಂಟಿಸಿ
ಇಳಿಯುತ್ತೇನೆ, ಇಳಿದವಳೇ ಓಡುತ್ತೇನೆ,
ಹೆದ್ದಾರಿ ಮುಟ್ಟುವಾಗ
ಬಸ್ಸಿನ ಬೆನ್ನು.
ಬೆನ್ನ ಮೇಲಿನ ಅಕ್ಷರ ಮಲಯಾಳ, ನನಗೆ ಓದಲು ಬಾರದು.
ಮೊದಲು ಬಣ್ಣ ನೋಡಿ ಹತ್ತುತ್ತಿದ್ದೆ,
ಈಗ ಎಲ್ಲಕ್ಕೂ ಒಂದೇ ಬಣ್ಣ ಬಳಿದಿದ್ದಾರೆ.
ಹಾರನ್ನಿನ ಕೆಮ್ಮಿನಿಂದಲೇ ಗುರುತು:
ಇದು ಪೆರ್ಮುದೆ, ಇದು ಪೇಟೆಯೊಳಗಿನದು,
ಹೋಯಿತಲ್ಲ, ಅದು ನನ್ನದು.
ಇನ್ನೊಂದು ಏಳು ಇಪ್ಪತ್ತಕ್ಕೆ.

ಪಂಚಾಯತಿನ ಸಭೆಗೆ ತಜ್ಞರೊಬ್ಬರು ಬಂದಿದ್ದರು.
ಗೋಡೆಗೆ ಬೆಳಕು ಚೆಲ್ಲಿ ತೋರಿಸಿದರು:
ರೈಲಿಗೆ ಬಸ್ಸಿಗೆ ರಿಕ್ಷಾಕ್ಕೆ ಒಂದೇ ಕಾರ್ಡು,
ಸ್ಟೇಷನ್ನಿನ ಹೊರಗೆ ಬಾಡಿಗೆ ಸೈಕಲ್ಲಿನ ಸಾಲು,
ಒಂದು ಬಾಣದ ತುದಿಯಿಂದ ಇನ್ನೊಂದು ಬಾಣದ ಬುಡಕ್ಕೆ
ನೀಲಿ ಬಣ್ಣದ ಒಬ್ಬ ಮನುಷ್ಯ
ಓಡದೆ, ಬೆವರದೆ, ನಡೆಯುತ್ತಿದ್ದ.
ಅವನ ಕೈಯಲ್ಲಿ ಚೀಲ ಇರಲಿಲ್ಲ.

"ಚೆಂದ ಉಂಟು ಸರ್" ಅಂದೆ. ನಿಜಕ್ಕೂ ಚೆಂದವಿತ್ತು.
"ಅಷ್ಟರವರೆಗೆ ಬಸ್ಸೊಂದು ಎರಡು ನಿಮಿಷ ನಿಲ್ಲಬಹುದಾ?"

ಎಲ್ಲರೂ ನಕ್ಕರು. ಬಸ್ಸಿನ ಮಾಲಕರು ನಗಲಿಲ್ಲ.
"ಹಿಂದೆಯೇ ಪೆರ್ಮುದೆಯವನು ಉಂಟು.
ಸೀತಾಂಗೋಳಿಯವರೆಗೆ ಅವನಿಗೂ ನನಗೂ ಒಂದೇ ದಾರಿ.
ನಾನು ನಿಂತರೆ ದಾರಿಯ ಜನವೆಲ್ಲ ಅವನ ಬಾಗಿಲಿಗೆ.
ನಿಮ್ಮ ಎರಡು ನಿಮಿಷ, ಅಮ್ಮಾ, ನನಗೆ ಒಂದು ಟ್ರಿಪ್ಪಿನ ಡೀಸೆಲ್ಲು."
ತಜ್ಞರು ಅದನ್ನು ಬರೆದುಕೊಂಡರು.
ಬರೆದುಕೊಂಡರೆಂದು ನಾನೂ ಬರೆದಿಡುತ್ತೇನೆ,
ಅವರ ಮೇಲೆ ನನಗೆ ಸಿಟ್ಟಿಲ್ಲ.

ಕೊನೆಯ ಕುರ್ಚಿಯಲ್ಲಿ, ಬೀಡಿ ಹಚ್ಚಲಾರದ ಸಂಕಟದಲ್ಲಿ,
ಟ್ರಿಪ್ ಜೀಪಿನ ಐತಪ್ಪಣ್ಣ ಕೂತಿದ್ದ.

ಮರುದಿನ ಅವನ ಜೀಪು ಸ್ಟೇಷನ್ನಿಗೆ ಮುಖ ಮಾಡಿ ನಿಂತಿತ್ತು.
ಇಳಿದವರ ತಲೆ ಎಣಿಸಿದ. ಕಂಡಕ್ಟರ್ ಹಸೈನಾರನಿಗೆ ಮಿಸ್ ಕಾಲು:
ಒಂದು ರಿಂಗಾದರೆ ಐದು ಜನ,
ಎರಡಾದರೆ ಜೀಪು ತುಂಬಿದೆ,
ಸೀತಾಂಗೋಳಿಯ ಚಾ ನಿಧಾನ ಕುಡಿ.
ಒಂಬತ್ತು ಸೀಟಿನಲ್ಲಿ ಹದಿಮೂರು ಮಂದಿ.
ಮುಂದೆ ಬೀಫಾತಿಮಾ ಮತ್ತು ಅವರ ಮೊಣಕಾಲು,
ಹಿಂದೆ ಕನ್ಸೆಷನ್ನಿನ ಮಕ್ಕಳು
(ಬಸ್ಸು ಹಂದುವ ತನಕ ಕೆಳಗೇ ನಿಲ್ಲಬೇಕಾದವರು,
ಇಲ್ಲಿ ಕೂತೇ ಬಂದರು),
ನನ್ನ ಮಡಿಲಲ್ಲಿ ಯಾರದೋ ಡ್ರಾಯಿಂಗ್ ಬೋರ್ಡು.
"ಪೊಲೀಸರು ಕಂಡರೆ ಮದುವೆ ದಿಬ್ಬಣ ಅನ್ನಿ"
ಎಂದ ಐತಪ್ಪಣ್ಣ.
"ಮದುಮಗ ಯಾರು?" ಎಂದರು ಬೀಫಾತಿಮಾ.

ಜೀಪಿನಲ್ಲಿ ಯಾರೂ ದುಡ್ಡು ತೆಗೆಯುವುದಿಲ್ಲ.
ಬಸ್ಸಿನ ಟಿಕೇಟಿನ ಹಿಂದೆ ಹಸೈನಾರ ಪೆನ್ನಿನಲ್ಲಿ
'ಹತ್ತು' ಎಂದು ಗೀಚಿ, ಒಟ್ಟಿಗೇ ವಸೂಲು ಮಾಡುತ್ತಾನೆ.
ಶನಿವಾರ ಚಾದಂಗಡಿಯ ಬೆಂಚಿನಲ್ಲಿ ಇಬ್ಬರ ಲೆಕ್ಕ:
ಜಗಳ ತುಳುವಿನಲ್ಲಿ, ಕೂಡಿಸುವುದು ಮಲಯಾಳದಲ್ಲಿ.

ಐತಪ್ಪಣ್ಣನಿಗೆ ಜ್ವರ ಬಂತು, ಮೂರು ದಿನ.
ಸಾರಿಗೆ ವ್ಯವಸ್ಥೆ ಇಡೀ ಕಂಬಳಿ ಹೊದ್ದು ಮಲಗಿತು.
ಹೆದ್ದಾರಿಯ ಬದಿ, ಲಾರಿಯ ಗಾಳಿಗೆ ಸೆರಗು ಹಿಡಿದು
ಏಳು ಇಪ್ಪತ್ತನ್ನು ಕಾಯುತ್ತ
ಗೋಡೆಯ ಮೇಲಿನ ನೀಲಿ ಮನುಷ್ಯನನ್ನು ನೆನೆದೆ.
ಅವನ ಊರಲ್ಲಿ
ಯಾರೋ ಒಬ್ಬನ ಜ್ವರಕ್ಕೆ ಹದಿಮೂರು ಮನೆಯ ಅನ್ನ ಆರುವುದಿಲ್ಲ.
ಅವನೂ ಬರಲಿ. ನಾನೆಲ್ಲಿ ಬೇಡವೆಂದೆ?

ಬರುವವರೆಗೆ
ನನ್ನ ಪರ್ಸಿನ ಒಂದೇ ಖಾನೆಯಲ್ಲಿ
ರೈಲಿನ ಸೀಸನ್ ಪಾಸು, ಬಸ್ಸಿನ ಚೀಟಿ,
ಚೀಟಿಯ ಬೆನ್ನಿಗೆ ಜೀಪಿನ ಹತ್ತು ರೂಪಾಯಿ
ಒಂದಕ್ಕೊಂದು ಒರಗಿ ಕೂತಿವೆ.
ಝಿಪ್ಪು ಹೋಗಿದೆ.
ಆದಿತ್ಯವಾರ ಹಾಕಿಸಬೇಕು.