ಹುರುಪೆ

ಗ್ದಿನ್ಯಾದ ಹಡಗುಕಟ್ಟೆಯಲ್ಲಿ ನಾಲ್ಕು ವರ್ಷ
ವೆಲ್ಡಿಂಗ್ ಮಾಡಿ ಬಂದವನನ್ನು
ಕಾರವಾರದ ಮೀನುಪೇಟೆಯಲ್ಲಿ ಬಂಗಡೆ ಎಣಿಸುತ್ತ
ಅತ್ತಿಗೆ ಮಂಕಾಳಿ ಕೇಳಿದಳು:
ಪೋಲೆಂಡಿನ ಜನ ಹ್ಯಾಂಗೆ?

ನಗುವುದಿಲ್ಲ, ಎಂದೆ.
ದಾರಿಯಲ್ಲಿ ಸುಮ್ಮನೆ ನಕ್ಕರೆ
ಇವನಿಗೇನೋ ಬೇಕು ಅಂತ ನೋಡುತ್ತಾರೆ.
ಅವರ ಬಾಯಲ್ಲಿ 'ನೋ' ಅಂದರೆ ಹೌದು.
ಅದು ತಿಳಿಯುವ ತನಕ, ಒಂದಿಡೀ ಚಳಿಗಾಲ,
ಯಾರನ್ನೂ ಏನನ್ನೂ ಎರಡನೇ ಸಲ ಕೇಳಲಿಲ್ಲ.

ಮನೆಯೊಡತಿ ಯಾದ್ವಿಗಾ.
ಮೊದಲ ದಿನ ಬಾಗಿಲಾಚೆ ನಿಂತೇ ಕೈ ಚಾಚಿದೆ,
ತಟ್ಟನೆ ಹಿಂದೆ ಸರಿದಳು.
ಕರಿ ಕೈ ಅಂತ, ಅಂದುಕೊಂಡೆ.
ಅಲ್ಲ. ಹೊಸ್ತಿಲ ಮೇಲೆ ಕೈ ಕೊಡಬಾರದಂತೆ.
ಒಳಗೆ ಬಾ, ಎಂದು ಗದರಿದಳು.
ಹೊಸ್ತಿಲಲ್ಲಿ ದುಡ್ಡೆಣಿಸಿದರೆ
ನಮ್ಮವ್ವ ಗದರುತ್ತಿದ್ದದ್ದೂ ಹೀಗೇ.

ಕ್ರಿಸ್‌ಮಸ್ಸಿಗೆ ಅವಳ ಸ್ನಾನದ ತೊಟ್ಟಿಯಲ್ಲಿ
ಮೂರು ದಿನ ಒಂದು ಮೀನು ಈಜಿತು.
ನಾವಿಬ್ಬರೂ ಮೀಯಲಿಲ್ಲ.
ಕೊಯ್ಯುವ ಹೊತ್ತಿಗೆ ಮೂಗೊರೆಸಿಕೊಳ್ಳುತ್ತ
ಚೂರಿ ನನಗೆ ಕೊಟ್ಟಳು:
ನೀನು ಮೀನುಗಾರನ ಮಗನಲ್ಲವೇ.
ಆಮೇಲೆ ಒಂದು ಹುರುಪೆ ತೊಳೆದು ಕೊಟ್ಟಳು,
ಪಾಕೀಟಿನಲ್ಲಿಟ್ಟರೆ ವರ್ಷವಿಡೀ ದುಡ್ಡಂತೆ.

ತೆಗೆದು ತೋರಿಸಿದೆ. ಒಣಗಿ,
ಮುದುಕರ ಉಗುರಿನ ಬಣ್ಣ.

ಮಂಕಾಳಿ ನಕ್ಕಳು, ಬುಟ್ಟಿ ಅಲುಗುವಷ್ಟು.
ಮೊಣಕೈವರೆಗೆ ಹುರುಪೆ, ಕಿವಿಯ ಹಿಂದೆ ಹುರುಪೆ,
ಹತ್ತರ ನೋಟಿಗೂ ಅಂಟಿದ ಹುರುಪೆ.
'ಹಂಗಾರೆ ಕಾರವಾರಕ್ಕೆಲ್ಲ ನಾನೇ ಸಾಹುಕಾರ್ತಿ!'

ಬಿಸಿಲಿಗೆ ಹಿಡಿದು ನೋಡಿದಳು.
'ಸಿಹಿನೀರಿಂದು. ಮಣ್ಣು ನಾತ ಇರ್ತದೆ.'
ಮತ್ತೆ, ಕೇಳದೆಯೇ,
ಎಲೆಯಡಿಕೆ ಸಂಚಿಯೊಳಗೆ ಸಿಕ್ಕಿಸಿದಳು.

ಕೊಡು, ಎಂದೆ.
'ನೋ' ಎಂದಳು.

ಯಾವ ದೇಶದ ನೋ ಎಂದು
ನಾನೂ ಕೇಳಲಿಲ್ಲ.