ಈ ವಾರ ಬಂದದ್ದು

ಕೌಲ್ ಬಜಾರಿನ ನನ್ನ ಅಂಗಡಿ ಮುಂದಿನ ಹಲಗೆಯಲ್ಲಿ
ಪ್ರತಿ ಶುಕ್ರವಾರ ಸೀಮೆಸುಣ್ಣದಿಂದ ಬರೆಯುತ್ತೇನೆ:
ಈ ವಾರ ಬಂದದ್ದು, ಆಡಬಹುದಾದದ್ದು.

ಒಂದು, ಹಡಗುಗಳ ಯುದ್ಧ. ಚಿತ್ರ ಚೆಂದ,
ಕತೆ ಮಾತ್ರ ಮಿರ್ಚಿ ಇಲ್ಲದ ಒಗ್ಗರಣಿ.
ಇನ್ನೊಂದು, ಸತ್ತವರು ಎದ್ದು ಅಟ್ಟಿಸಿಕೊಂಡು ಬರುವುದು.
ಹುಡುಗರು ಬಿಡುವುದಿಲ್ಲ, ನಾನು ಹೊಗಳುವುದಿಲ್ಲ.
ಮೂರನೆಯದು ಹಿಮದ ಮೇಲೆ ಕಾರು.
ಇಳಿಸಿಕೊಳ್ಳಲು ಎರಡು ರಾತ್ರಿ ಹಿಡಿಯಿತು,
ನಡುವೆ ಮೂರು ಸಲ ಕರೆಂಟು ಹೋಗಿ.
ಹೊರಗೆ ನಲವತ್ತೆರಡು ಡಿಗ್ರಿ;
ಅದಕ್ಕೇ ಒಂದು ನಕ್ಷತ್ರ ಹೆಚ್ಚು ಕೊಟ್ಟೆ.

ಭಾನುವಾರ ಜೀನ್ಸ್ ಯೂನಿಟ್ಟಿಗೆ ರಜೆ.
ಜಿಪ್ಪು ಹೊಲಿಯುವ ಹುಲಿಗೆಮ್ಮ
ಮಗನನ್ನು ಎಳೆದೊಯ್ಯಲು ಬಂದವಳು
"ಇದರಾಗ ಬ್ರೇಕ್ ಯಾವುದೋ?" ಅಂದಳು.
ಮಗ ಎದ್ದು ಜಾಗ ಬಿಟ್ಟ.
ಅವಳ ಉಗುರಿನ ಸಂದಿಯಲ್ಲಿ ನೀಲಿ.
ಮೇಜಿನ ಕೆಳಗೆ ಬಲಗಾಲು
ಅಲ್ಲಿಲ್ಲದ ಪೆಡಲು ತುಳಿಯುತ್ತಿತ್ತು,
ತಿರುವಿಗೆ ಹಿಮ್ಮಡಿ ಊರಿ,
ನೇರ ದಾರಿಗೆ ಮುಂಗಾಲು ಒತ್ತಿ,
ಪ್ಯಾಂಟಿನ ಉದ್ದಕ್ಕೂ ಒಂದೇ ಉಸಿರಿಗೆ ಹೊಲಿಗೆ ಎಳೆದ ಹಾಗೆ.

ಗಾದಿಲಿಂಗನ ದಾಖಲೆ ಮುರಿಯಿತು, ಹನ್ನೊಂದು ಸೆಕೆಂಡಿನಿಂದ.
ಪರದೆ ಹೆಸರು ಕೇಳಿತು. ನಾಲ್ಕೇ ಅಕ್ಷರಕ್ಕೆ ಜಾಗ.
ಮಗ ಇಂಗ್ಲಿಷಿನಲ್ಲಿ ಒತ್ತಿದ: ಎಚ್, ಯು, ಎಲ್, ಐ.
ಅಷ್ಟಕ್ಕೇ ತುಂಬಿತು.

ಸೋಮವಾರದಿಂದ ಎಲ್ಲರದೂ ಒಂದೇ ಪ್ರಶ್ನೆ:
"ಯಾರಣ್ಣ ಈ ಹುಲಿ? ಸಿರುಗುಪ್ಪದವನೇನು?"
ನಾನು ಹೇಳಿಲ್ಲ. ಮಗನೂ ಬಾಯಿ ಬಿಟ್ಟಿಲ್ಲ.
ರಾತ್ರಿ ಮನೆಯಲ್ಲಿ ಅವನಿಗೆ ಪಾಠ ನಡೆದಿದೆಯಂತೆ,
ಪರದೆಯಿಲ್ಲ, ಕಾರಿಲ್ಲ,
ಚಾಪೆಯ ಮೇಲೆ
ಬರೀ ಕಾಲು.