ಅಳತೆ ಪುಸ್ತಕ

ಮೊದಲು ಹೇಳಿದ್ದು ಚಪ್ಪಲಿ.
ಹಾಸನದ ಸಂತೇಪೇಟೆಯಲ್ಲಿ ಅಂಗಡಿ ಬಾಗಿಲೆಳೆದು ಹೊರಟರೆ
ಬೆಳಗ್ಗೆ ಸಡಿಲವಿದ್ದ ಪಟ್ಟಿ ಸಂಜೆಗೆ ಕಚ್ಚುತ್ತಿತ್ತು.
ಟೇಪು ಕೊರಳಲ್ಲೇ ಇತ್ತು, ಸುತ್ತಿ ನೋಡಿದೆ:
ಕಣಕಾಲು ಒಂಬತ್ತೂವರೆ. ಬೆಳಗ್ಗೆ ಎಂಟೂಕಾಲು.
ಇಡೀ ದಿನ ಪೆಡಲು ತುಳಿದರೆ ಇನ್ನೇನಾಗುತ್ತಕ್ಕ
ಅಂದಳು ಕಾಜಾ ಹಾಕುವ ರೆಜಿನಾ.

ನೊರೆಯ ಮಾತು ಮಾತ್ರ ಹೇಳಲಿಲ್ಲ.
ಎರಡು ಚೊಂಬು ಸುರಿದರೂ ಹೋಗದ ನೊರೆ,
ಸೋಪಿನಪುಡಿ ಕದಡಿದ ಹಾಗೆ.
ಅಳತೆ ಕೊಡುತ್ತಾ ಹೆಂಗಸರು
ಎಲ್ಲ ಹೇಳಿಕೊಳ್ಳುವ ಕಿವಿ ನಾನು,
ಇದನ್ನು ಯಾರ ಕಿವಿಗೆ ಹಾಕಲಿ?

ಶನಿವಾರ ಮೈಸೂರಿಂದ ಬರುವ ಕಿಡ್ನಿ ಡಾಕ್ಟರು
ಕಡ್ಡಿ ಅದ್ದಿಸಿ ನೋಡಿದರು: ಮೂರು ಪ್ಲಸ್.
ಚೀಟಿಯ ಮೇಲೆ ಮೂರು ಕಸೂತಿ ಹೊಲಿಗೆ.
ಬಯಾಪ್ಸಿ ಮಾಡಬೇಕಮ್ಮ, ಸೂಜಿ ಚುಚ್ಚಿ, ಎಂದರು ಹಿಂಜರಿದು.
ಸೂಜಿ! ನಕ್ಕುಬಿಟ್ಟೆ.
ಬೋರಲು ಮಲಗಿಸಿ, ಉಸಿರು ಹಿಡೀರಿ ಅಂದು, ಟಕ್.
ಬಾಟಲಿ ಎತ್ತಿ ತೋರಿಸಿದರು:
ಬಿಳಿಚಿದ ಒಂದು ನೂಲು, ಒಂದಿಂಚೂ ಇಲ್ಲ,
ನನ್ನೊಳಗಿನದು.

ಹತ್ತು ದಿನಕ್ಕೆ ಕಾಗದ ಬಂತು.
ಆ ನೂಲಿನ ಸಣ್ಣ ಸಣ್ಣ ಜರಡಿಗಳಿಗೆ ಬೆಳಕು ಹಾಯಿಸಿದರಂತೆ,
ಹಸಿರು ಚುಕ್ಕಿ ಹೊಳೆದವಂತೆ, ಚಮಕಿಯ ಹಾಗೆ.
ರೋಗದ ಮೇಲೆ ಹೋಗಬೇಕಾದ ಪಡೆ
ನಿಮ್ಮ ಕಿಡ್ನಿಯನ್ನೇ ಹಗೆ ಅಂದುಕೊಂಡಿದೆ, ಎಂದರು.
ಪಡೆಗಿಡೆ ನನಗೆ ತಿಳಿಯದು ಡಾಕ್ಟರೇ.
ಕೆಲಸ ಕಲಿಯುವಾಗ ಒಮ್ಮೆ
ಗಿರಾಕಿಯ ಜಾರ್ಜೆಟ್ಟಿನ ಅಡಿಯಲ್ಲಿ ಸಿಕ್ಕ
ನನ್ನ ಸೆರಗನ್ನೇ ಕತ್ತರಿಸಿದ್ದೆ,
ನೇರವಾಗಿ, ಚಾಕಿನ ಗೆರೆಯ ಮೇಲೇ.
ಕತ್ತರಿ ಮೊಂಡಾಗಿರಲಿಲ್ಲ. ಕೈ ನಡುಗಿರಲಿಲ್ಲ.
ಯಾವುದು ನನ್ನದು ಅನ್ನುವುದು ತಿಳಿಯಲಿಲ್ಲ, ಅಷ್ಟೇ.

ಈಗ ತಿಂಡಿಯಾದ ಮೇಲೆ ಆರು ಮಾತ್ರೆ.
ಉಪ್ಪಿನಕಾಯಿ ಭರಣಿ ರೆಜಿನಾಳ ಮನೆಗೆ ಹೋಯಿತು.
ರಾತ್ರಿ ಎರಡಕ್ಕೆ ಎಚ್ಚರ, ಕೂತು ಹುಕ್ಕು ಹಾಕುತ್ತೇನೆ.
ಮುಖ ದುಂಡಗಾಗಿದೆ.
ಕಟ್ಟಿನಕೆರೆ ಮಾರ್ಕೆಟ್ಟಿನ ಹೂವಿನವಳು ಮೊಳ ಹಾಕುತ್ತಾ
ಮೈ ತುಂಬಿಕೊಂಡಿದ್ದೀಯ ಬಿಡು, ಅನ್ನುತ್ತಾಳೆ.
ಹಾಯೆನಿಸಿತೆಂದು ನಿಲ್ಲಿಸಿಬಿಡಬೇಡಿ,
ಇಳಿಸುವುದೂ ಸ್ವಲ್ಪ ಸ್ವಲ್ಪವೇ, ಎಂದಿದ್ದಾರೆ.
ಇದೊಂದು ನನಗೆ ಹೇಳಿಕೊಡಬೇಕಿಲ್ಲ.
ಕಚ್ಚಾ ಹೊಲಿಗೆಯ ದಾರ ಒಂದೇ ಸಲ ಎಳೆದರೆ
ಬಟ್ಟೆ ಮುದುರುತ್ತದೆ.

ಅಳತೆ ಪುಸ್ತಕದ ಕೊನೆಯ ಹಾಳೆ ನನಗೆ.
ಎಡಕ್ಕೆ ಕಣಕಾಲು, ಬಲಕ್ಕೆ ಪ್ಲಸ್ಸು:
ಮೂರು, ಮೂರು, ಎರಡು, ಮತ್ತೆ ಮೂರು.
ಎರಡು.

ಮೊನ್ನೆ ನನಗೊಂದು ಬ್ಲೌಸು ಕತ್ತರಿಸಿಕೊಂಡೆ,
ಸೆರಗು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ.
ಒಳಗೆ ಎರಡಿಂಚು ಬಟ್ಟೆ ಬಿಟ್ಟಿದ್ದೇನೆ,
ಬಿಚ್ಚುವುದಕ್ಕೋ ಹಿಡಿಯುವುದಕ್ಕೋ
ಇನ್ನೂ ಗೊತ್ತಿಲ್ಲ.